ತೊಟ್ಟಿಲು ನಿಂತಾಗ

‘ಕಟಕ್’ ಎಂಬ ಸಣ್ಣ ಸದ್ದಾಯಿತು, ಶರತ್ಕಾಲದ ಮೇಳದ ಜೈಂಟ್ ವೀಲ್ ನಿಂತುಬಿಟ್ಟಿತು. ತುತ್ತತುದಿಯ ತೊಟ್ಟಿಲಲ್ಲಿ ನಾನು, ಅತ್ತೆ ಇಬ್ಬರೇ.

“ಕಣ್ಣು ಬಿಡೇ ಪುಕ್ಕಲಿ,” ಎಂದು ಹತ್ತುವಾಗ ಛೇಡಿಸಿದ್ದ ಅತ್ತೆ ಈಗ ತಾವೇ ಕಣ್ಣು ಮುಚ್ಚಿ ನನ್ನ ಮಣಿಕಟ್ಟು ಹಿಡಿದಿದ್ದರು. ಗಾಳಿಗೆ ತೊಟ್ಟಿಲು ತೂಗಿತು.

“ನನ್ನ ಬಿಟ್ಟುಹೋಗ್ಬೇಡ ಕಣೇ,” ಎಂದು ಮಗುವಿನಂತೆ ಅತ್ತರು.

“ಎಲ್ಲಿಗೆ ಹೋಗ್ಲಿ ಅತ್ತೆ? ಹೊರಗಿಂದ ಚಿಲಕ ಹಾಕಿದ್ದಾರೆ,” ಎಂದೆ, ಇನ್ನೊಂದು ಕೈಯಿಂದ ಕಂಬಿಯನ್ನು ಬಿಗಿಯಾಗಿ ಹಿಡಿದು.

ಕಾಲು ಗಂಟೆಯ ನಂತರ ಚಕ್ರ ತಿರುಗಿತು. ಇಳಿಯುವ ಮೊದಲು ಅತ್ತೆ ಮುಖ ಒರೆಸಿಕೊಂಡರು.

“ಯಾರಮ್ಮ ಹೆದರಿದ್ದು?” ಎಂದು ಕೆಳಗೆ ಕಾಯುತ್ತಿದ್ದ ನನ್ನ ಗಂಡ ನಕ್ಕರು.

“ಇನ್ಯಾರೋ, ನಿನ್ನ ಹೆಂಡ್ತಿ! ಕಿರುಚಿ ಕಿರುಚಿ ನನ್ನ ಕಿವಿ ತೂತು ಮಾಡಿದ್ಲು,” ಎಂದರು ಅತ್ತೆ.

ಮಣಿಕಟ್ಟಿನ ಮೇಲೆ ಅವರ ಉಗುರಿನ ಗುರುತುಗಳು ಇನ್ನೂ ಕೆಂಪಗಿದ್ದವು. ಒಮ್ಮೆ ತೋರಿಸಿದರೆ ಸಾಕಿತ್ತು. ಆದರೆ ನಾಳೆಯೂ ನಾವಿಬ್ಬರು ಒಂದೇ ಅಡುಗೆಮನೆಯಲ್ಲಿ ನಿಲ್ಲಬೇಕು. ಸ್ವೆಟರಿನ ತೋಳು ಕೆಳಗೆಳೆದುಕೊಂಡೆ. ಯಾರಿಗೂ ಹೇಳಬಾರದೆಂದು ನಿರ್ಧರಿಸಿದೆ.