ಸಂಜೆ ಏಳರ ಚಾನೆಲ್

ಶಹಾಬಾದಿನಲ್ಲಿ ಜಗದೇವಪ್ಪ ಎಂದರೆ ಯಾವ ಜಗದೇವಪ್ಪ ಎಂದು ಕೇಳುತ್ತಾರೆ. ಕೇಬಲ್ ಜಗದೇವಪ್ಪ ಎಂದರೆ ಮುಗಿಯಿತು, ಮನೆ ಬಾಗಿಲಿಗೇ ಬಿಟ್ಟು ಬರುತ್ತಾರೆ. ಊರಿನ ಮನೆಗಳಿಗೆ ಟಿವಿ ವೈರು ಎಳೆದವನು ಅವನೇ. ಜೊತೆಗೆ ಅವನದೇ ಒಂದು ಲೋಕಲ್ ಚಾನೆಲ್. ಊರಿನ ಸಭೆ, ಸತ್ಕಾರ ಏನಿದ್ದರೂ ಹಗಲು ಶೂಟ್ ಮಾಡಿ ಸಂಜೆ ಏಳಕ್ಕೆ ಹಾಕುತ್ತಿದ್ದ. ಮಾತಾಡುವವರ ಹೆಸರು, ಅವರು ಯಾರ ಮಗ, ಯಾರ ಮಗಳು ಎಂಬುದು ಪರದೆಯ ಕೆಳಗೆ ಬರಲೇಬೇಕು. ಯಾರ ಮಾತನ್ನೂ ಕತ್ತರಿಸುತ್ತಿರಲಿಲ್ಲ. ಒಮ್ಮೆ ಊರಿನ ದೊಡ್ಡ ಮನುಷ್ಯರೊಬ್ಬರು ಸಭೆಯಲ್ಲಿ ಬಾಯಿ ಜಾರಿ, ಅದನ್ನು ತೆಗೆಯಿರಿ ಎಂದು ಹೇಳಿ ಕಳಿಸಿದ್ದರು. ಜಪ್ಪಯ್ಯ ಎಂದರೂ ಅವನು ಜಗ್ಗಲಿಲ್ಲ. ಆ ಜಂಬ ಅವನ ನಡಿಗೆಯಲ್ಲೇ ಕಾಣುತ್ತಿತ್ತು.

ಇಂಥವನ ಮಗಳು ಕರುಣಾ ಕಾಲೇಜಿನ ಚರ್ಚಾಸ್ಪರ್ಧೆಗೆ ನಿಂತಳು. ಮುಂದಿನ ಕಾಲ ಟಿವಿಯದೋ, ಮೊಬೈಲ್ ಆ್ಯಪ್‌ಗಳದೋ ಎಂಬುದು ವಿಷಯ. ಚೀಟಿ ಎತ್ತಿದರೆ ಅವಳ ಪಾಲಿಗೆ ಬಂದದ್ದು ಆ್ಯಪ್. ಅಪ್ಪ ಕ್ಯಾಮೆರಾ ಹಿಡಿದು ಎದುರಿಗೇ ನಿಂತಿದ್ದ.

ಸೇಡಂನಿಂದ ಬಂದಿದ್ದ ಲಕ್ಷ್ಮಿಕಾಂತ ಟಿವಿಯ ಪರವಾಗಿ ಚೆನ್ನಾಗಿಯೇ ವಾದಿಸಿದ. ಟಿವಿ ಮುಂದೆ ಮನೆಮಂದಿಯೆಲ್ಲ ಒಟ್ಟಿಗೆ ಕೂರುತ್ತಾರೆ, ಮೊಬೈಲು ಒಬ್ಬೊಬ್ಬರನ್ನು ಒಂದೊಂದು ಮೂಲೆಗೆ ತಳ್ಳುತ್ತದೆ ಎಂದ. ಕೈಯಲ್ಲಿ ಕ್ಯಾಮೆರಾ ಇಲ್ಲದಿದ್ದರೆ ಜಗದೇವಪ್ಪ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ.

ಕರುಣಾ ಪುಸ್ತಕದ ಕನ್ನಡದಲ್ಲೇ ಶುರು ಮಾಡಿದಳು. ಬೇಕಾದಾಗ ನೋಡಬಹುದು, ಬಸ್ಸಿನಲ್ಲೂ ನೋಡಬಹುದು ಎಂದೆಲ್ಲ ಹೇಳಿದಳು. ಆಮೇಲೆ ಲಕ್ಷ್ಮಿಕಾಂತನ ಕಡೆ ತಿರುಗಿದವಳೇ ಮನೆಯ ಮಾತಿಗೆ ಇಳಿದಳು.

"ಮನಿಮಂದಿ ಎಲ್ಲಾ ಕುಂದರ್ತಾರ ಅಂದ್ರಿ. ಎಲ್ಲಾ ಅಂದ್ರ ಯಾರ್ರಿ? ನಮ್ಮಪ್ಪ ಕೇಬಲ್‌ನವ್ರು. ಆದ್ರ ಧಾರಾವಾಹಿ ಬರೋ ಹೊತ್ತಿಗಿ ನಮ್ಮವ್ವ ರೊಟ್ಟಿ ಬಡೀತಿರ್ತಾಳ. ಇಷ್ಟು ವರ್ಷ ಆಕಿ ಧಾರಾವಾಹಿ ನೋಡಿಲ್ರಿ, ಒಲಿ ಮುಂದ ಕುಂತು ಕೇಳ್ಯಾಳ. ಟಿವಿ ಆಕಿ ಸಲುವಾಗಿ ಕಾಯಲಿಲ್ಲ. ಈಗ ಕೆಲಸ ಮುಗದ ಮ್ಯಾಲ ನನ್ನ ಫೋನಿನಾಗ ನೋಡ್ತಾಳ. ಫೋನ್ ಕಾಯ್ತದ. ಹಂಗಂತ ಕೇಬಲ್ ವೈರಿಗಿ ಕೆಲಸ ಇಲ್ಲಂತಲ್ಲ, ನಮ್ಮ ಅಂಗಳದಾಗ ಅದರ ಮ್ಯಾಲ ಅರಬಿ ಒಣಗಾಕತ್ತಾವ."

ಸಭೆ ಗೊಳ್ಳೆಂದು ನಕ್ಕಿತು. ಎಲ್ಲರ ಕತ್ತೂ ಕ್ಯಾಮೆರಾದ ಕಡೆ ತಿರುಗಿತು. ಬಟ್ಟೆ ಒಣಹಾಕಲೆಂದು ಹಳೆಯ ವೈರನ್ನು ಅಂಗಳದ ಗೂಟಕ್ಕೆ ಬಿಗಿದವನು ಜಗದೇವಪ್ಪನೇ. ಅವನ ಕಿವಿ ಕೆಂಪಾದವು, ಕ್ಯಾಮೆರಾ ಮಾತ್ರ ಅಲ್ಲಾಡಲಿಲ್ಲ. ಮೊದಲ ಬಹುಮಾನ ಕರುಣಾಗೇ ಬಂತು.

ಹೊರಗೆ ಚಹಾದಂಗಡಿಯ ಶೌಕತ ಅಲಿ ಕಾಯುತ್ತಿದ್ದ. "ಜಗದೇವಪ್ಪಣ್ಣ, ಮಗಳೇ ನಿಮ್ಮ ದುಕಾನದ ಶಟರ್ ಎಳದಳಲ್ರಿ. ಸಂಜಿಗಿ ಇದೂ ಹಾಕ್ತೀರೇನು?"

ಅವನು ಕೇಳಿದ್ದು ನಗುತ್ತಲೇ, ಆದರೆ ಊರೆಲ್ಲ ಅದನ್ನೇ ಕೇಳುತ್ತಿತ್ತು. ಹಾಕಿದರೆ ನನ್ನ ಧಂದೆ ಮುಗಿಯಿತು ಎಂದು ತನ್ನ ಚಾನೆಲಿನಲ್ಲೇ ಡಂಗುರ ಹೊಡೆದಂತೆ. ಕತ್ತರಿಸಿದರೆ ಯಾರಿಗೂ ಬಗ್ಗದ ನೇಮವನ್ನು ಸ್ವಂತ ಮೀಸೆಗಾಗಿ ಮುರಿದಂತೆ. ಮನೆಯ ದೀಪ ಎಂದು ಮುತ್ತಿಟ್ಟರೆ ಮೀಸೆ ಸುಡದೆ ಬಿಡುತ್ತದೆಯೇ?

ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತಾಗ ಕರುಣಾ ತಾನಾಗಿಯೇ ಬಂದು ನಿಂತಳು.

"ಅಪ್ಪಾ, ವೈರಿನ ಮಾತು ತೆಗದುಬಿಡು. ಗೆಲ್ಲೋ ಹುರುಪಿನಾಗ ಅಂದೆ."

"ಸುಳ್ಳು ಅಂದಿಯೇನು?"

"ಇಲ್ಲ."

"ಮತ್ಯಾಕ ತೆಗೀಲಿ?"

ಅವನಿಗೆ ನಾಟಿದ್ದು ವೈರಿನ ಮಾತಲ್ಲ. ಊರಿಗೆಲ್ಲ ಟಿವಿ ತೋರಿಸಿದವನು ಸ್ವಂತ ಹೆಂಡತಿ ಎಲ್ಲಿ ಕೂತಿದ್ದಾಳೆ ಎಂದು ನೋಡಿರಲಿಲ್ಲ. ನೋಡಿದವಳು ಮಗಳು. ನೋಡಿದ್ದನ್ನು ಅಪ್ಪನ ಕ್ಯಾಮೆರಾದ ಎದುರಿಗೇ ಹೆದರದೆ ಹೇಳಿದ್ದಳು. ನಾಚಿಕೆಯಾಯಿತು, ನಿಜ. ಆದರೆ ಹೆಮ್ಮೆ ಅದಕ್ಕಿಂತ ದೊಡ್ಡದಾಗಿತ್ತು. ಮಗಳ ಹೆಸರಿನ ಸಾಲನ್ನು ಅವನು ತಾನೇ ಕೂತು ಟೈಪ್ ಮಾಡಿದ.

ಏಳಾಯಿತು. ಟಿವಿಯ ಕಾಲ ಮುಗಿಯಿತು ಎನ್ನುವ ಹುಡುಗಿಯನ್ನು ನೋಡಲು ಓಣಿಯ ಟಿವಿಗಳೆಲ್ಲ ಒಮ್ಮೆಲೇ ಹತ್ತಿಕೊಂಡವು. ಮನೆ ಮನೆಯಿಂದಲೂ ಕರುಣಾಳ ದನಿ. ಅವಳ ಅವ್ವ ಸುಂದರಮ್ಮ ಮಾತ್ರ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಜಗದೇವಪ್ಪ ಎದ್ದು ಅಡುಗೆಮನೆಗೆ ಹೋದ.

"ಏಳು. ಹೊರಗ ಹೋಗಿ ಕುಂದ್ರು."

"ಹಂಚಿನ ಮ್ಯಾಲ ರೊಟ್ಟಿ ಅದರಿ."

"ನಾ ತೆಗೀತೀನಿ."

ಸುಂದರಮ್ಮ ಹಿಟ್ಟಿನ ಕೈಯಲ್ಲೇ ಬಂದು ಟಿವಿಯ ಮುಂದೆ ಕೂತಳು. ಮಗಳು ಮಾತಾಡುತ್ತಿದ್ದಳು. ಪರದೆಯ ಕೆಳಗಿನ ಸಾಲನ್ನು ಅವ್ವ ಒಂದೊಂದೇ ಅಕ್ಷರ ಕೂಡಿಸಿ ಓದಿದಳು: ಕರುಣಾ, ಸುಂದರಮ್ಮ ಮತ್ತು ಕೇಬಲ್ ಜಗದೇವಪ್ಪನವರ ಮಗಳು. ಆ ಚಾನೆಲಿನಲ್ಲಿ ಅಂದಿನವರೆಗೆ ಯಾರ ಹೆಸರಿನ ಜೊತೆಗೂ ಅವ್ವನ ಹೆಸರು ಬಂದಿರಲಿಲ್ಲ.

"ಏನ್ರಿ, ನನ್ನ ಹೆಸರು ಹಾಕೀರಲ್ಲ?" ಎಂದಳು, ಕಣ್ಣು ಟಿವಿಯಿಂದ ತೆಗೆಯದೆ.

ಒಳಗೆ ರೊಟ್ಟಿ ಸೀದ ವಾಸನೆ ಬರುತ್ತಿತ್ತು. "ಭಾಳ ದಿನ ಕೇಳಿದಿ," ಎಂದ ಜಗದೇವಪ್ಪ ಅಲ್ಲಿಂದಲೇ. "ಈಗ ನೋಡು."