ಪಟೇಲರ ಮನೆಯ ಮೇಲೆ ಕೆಂಪು ಚುಕ್ಕೆ

ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆದಮೇಲಿನ ಎರಡನೆಯ ಬೇಸಿಗೆ. ಗದ್ವಾಲದ ಉರುಕುಂದಪ್ಪನಿಗೆ ಮಖ್ತಲ್ ದವಾಖಾನೆಯಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್ ಕೆಲಸ ಸಿಕ್ಕಿ ಮೂರು ತಿಂಗಳಾಗಿತ್ತು. ಒಂದು ದಿನ ಡಾಕ್ಟರ್ ಸಾಹೇಬರು ಅವನನ್ನು ಕರೆದು, ಉರ್ದು ಅಕ್ಷರದ ಹಳೆಯ ನಕಾಶೆಗಳ ಸುರುಳಿಯೊಂದನ್ನೂ ಒಂದು ಸೀಸೆ ಕೆಂಪು ಮಸಿಯನ್ನೂ ಕೈಗಿಟ್ಟರು.

"ನಾರುಹುಣ್ಣು ಯಾವ ಊರಾಗ ಎಷ್ಟು ಐತಿ, ಗುರ್ತು ಹಾಕ್ಕೊಂಡು ಬಾ. ಎಲ್ಲಿ ಐತಂತ ಗೊತ್ತಾಗ್ದ ನಾವು ಯಾವ ಬಾವಿ ಸುದ್ದಿಗಿ ಹೋಗೋದು?" ಎಂದರು.

ನಾರುಹುಣ್ಣನ್ನು ಆ ಸೀಮೆಯಲ್ಲಿ ಯಾರಿಗೂ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ. ಬೇಸಿಗೆ ಬಂತೆಂದರೆ ಕಾಲಿನ ಮೇಲೆ ಬೊಬ್ಬೆ ಎದ್ದು ಬೆಂಕಿಯಂತೆ ಉರಿಯುತ್ತಿತ್ತು. ಉರಿ ತಾಳದೆ ನೀರಿಗೆ ಕಾಲಿಟ್ಟರೆ ಬೊಬ್ಬೆ ಒಡೆದು, ಬಿಳಿ ನೂಲಿನಂಥ ಹುಳ ತಲೆ ಹೊರಹಾಕುತ್ತಿತ್ತು. ಒಂದೂವರೆ ಮೊಳದ ಹುಳ. ಅವಸರದಲ್ಲಿ ಎಳೆದರೆ ತುಂಡಾಗುತ್ತಿತ್ತು. ತುಂಡಾದರೆ ಕಾಲು ಬಾತು ತಿಂಗಳುಗಟ್ಟಲೆ ಮಲಗಬೇಕು. ಕಸಬರಿಗೆಯ ಕಡ್ಡಿಗೆ ದಿನಕ್ಕೆ ಎರಡು ಬೆರಳಿನಷ್ಟು ಸುತ್ತುತ್ತ ಹೋಗುವುದೊಂದೇ ದಾರಿ.

ಕೃಷ್ಣಾ ಸ್ಟೇಷನ್ನಿನ ಕಡೆಗಿನ ಸಂಗನಾಳಕ್ಕೆ ಉರುಕುಂದಪ್ಪ ಹೋದ ದಿನ, ಇಡೀ ಊರಿನಲ್ಲಿ ಕುಂಟುವವರು ಒಬ್ಬರೂ ಇರಲಿಲ್ಲ. ಏಕೆಂದರೆ ಎಲ್ಲರೂ ಕೂತಿದ್ದರು. ಕಟ್ಟೆಯ ಮೇಲೆ ಕೂತವರು ಧೋತರವನ್ನು ಹಿಮ್ಮಡಿಯವರೆಗೆ ಎಳೆದುಕೊಂಡಿದ್ದರು. ಕುರಿ ಕಾಯುವ ಬೀರಯ್ಯನಂತೂ ಆ ಸುಡುಬಿಸಿಲಿನಲ್ಲಿ ಕಾಲ ಮೇಲೆ ಕಂಬಳಿ ಹೊದ್ದಿದ್ದ.

"ಕಾಲಿಗಿ ಏನಾಗೈತಿ?"

"ಏನಿಲ್ಲರಿ. ಚಳಿ."

ನಕಾಶೆ ಹಿಡಿದು ಊರಿಗೆ ಬಂದವರು ಅದುವರೆಗೆ ಒಳ್ಳೆಯದಕ್ಕೆ ಬಂದದ್ದೇ ಇಲ್ಲ. ಒಬ್ಬ ಸರ್ಕಾರಕ್ಕೆ ಕೊಡಬೇಕಾದ ಲೆವಿ ಜೋಳ ಅಳೆಯಲು ಬಂದಿದ್ದ, ಇನ್ನೊಬ್ಬ ಬಂದೂಕು ಹುಡುಕಲು. ಈತ ಕಾಲು ಹುಡುಕುತ್ತಿದ್ದಾನೆಂದರೆ ಮುಂದೆ ಏನು ಕೇಳುವನೋ ಎಂದು ಊರು ಗಪ್ಪಾಗಿತ್ತು. ಸಂಜೆಯ ಹೊತ್ತಿಗೆ ಅವನ ಕಾಗದದ ಮೇಲೆ ಒಂದು ಚುಕ್ಕೆಯೂ ಬಿದ್ದಿರಲಿಲ್ಲ.

ಅವನನ್ನು ಕಾಪಾಡಿದವಳು ವೀರಬಸಮ್ಮ. ಅರವತ್ತು ದಾಟಿದ ಆ ಹೆಂಗಸು ಊರಿನವರ ಕಾಲಿನಿಂದ ಹುಳ ಸುತ್ತಿ ತೆಗೆಯುವುದರಲ್ಲಿ ಪಳಗಿದವಳು. ಉಮ್ಮತ್ತಿ ಎಲೆ ಬಿಸಿಮಾಡಿ ಕಟ್ಟುವುದು, ಕಡ್ಡಿ ಸುತ್ತುವುದು, ನಡುವೆ ರೋಗಿಯನ್ನು ಬೈಯುವುದು, ಮೂರೂ ಅವಳಿಗೆ ಕರಗತವಾಗಿದ್ದವು. ತನ್ನ ಮನೆಯ ಮುಂದೆ ಸೋತು ನಿಂತ ಅವನಿಗೆ ಅವಳು ಒಂದು ಚೊಂಬು ಮಜ್ಜಿಗೆ ಕೊಟ್ಟಳು.

"ಕಾಲು ತೋರ್ಸು ಅಂದ್ರ ಯಾರ ತೋರಸ್ತಾರ ತಮ್ಮಾ? ನನ್ನ ಕೇಳು. ಈ ಊರಿನ ಕಾಲು ನನಗ ಮಾರಿಗಿಂತ ಚಂದಾಗಿ ಗೊತ್ತು."

"ಹಂಗಾದ್ರ ಹೇಳವ್ವಾ, ಈ ವರ್ಷ ಎಷ್ಟು ಮಂದಿಗಿ ಎದ್ದೈತಿ?"

"ಹಂಗ ಕೇಳಿದ್ರ ನಿನಗೇನೂ ತಿಳೀಲಾರ್ದು. ಯಾವ ಬಾವಿ ನೀರು ಕುಡಿಯವ್ರಿಗಿ ಅಂತ ಕೇಳು."

ಉರುಕುಂದಪ್ಪ ಮಜ್ಜಿಗೆಯ ಚೊಂಬನ್ನು ಕೆಳಗಿಟ್ಟ. ಹೊಸ ಹಾಳೆಯ ಮೇಲೆ ಸಂಗನಾಳದ ಓಣಿ, ಮನೆ, ಬಾವಿಗಳನ್ನೆಲ್ಲ ಬರೆದುಕೊಂಡ. ಅವಳು ಹೇಳುತ್ತ ಹೋದಳು, ಅವನು ಚುಕ್ಕೆ ಇಡುತ್ತ ಹೋದ. ಹನುಮಂತ ದೇವರ ಗುಡಿಯ ಹತ್ತಿರ ಒಂದು ಸೇದುವ ಬಾವಿ ಇತ್ತು; ನೀರು ಉಪ್ಪು, ಕುಡಿಯುವವರು ಐದು ಮನೆಯವರು, ಅಲ್ಲಿ ಚುಕ್ಕೆ ಒಂದು. ಊರ ನಡುವೆ ಪಟೇಲ ಮೊಗುಲಪ್ಪನ ಅಜ್ಜ ಕಟ್ಟಿಸಿದ ಮೆಟ್ಟಿಲ ಬಾವಿ ಇತ್ತು. ಸಿಹಿನೀರು. ಜನ ಮೆಟ್ಟಿಲಿಳಿದು ಮೊಣಕಾಲುದ್ದ ನೀರಿನಲ್ಲಿ ನಿಂತು ಕೊಡ ತುಂಬುತ್ತಿದ್ದರು. ಅದರ ಸುತ್ತಲಿನ ಕಾಗದ ಕುಂಕುಮ ಚೆಲ್ಲಿದಂತಾಯಿತು.

ಎರಡು ಕಡೆ ಮಾತ್ರ ಬಿಳಿ ಉಳಿಯಿತು. ಒಂದು, ಹಳ್ಳದ ಆಚೆಯ ಕೇರಿ.

"ಅಲ್ಲಿ ಯಾರಿಗೂ ಇಲ್ಲೇನು?"

"ಅವ್ರನ್ನ ಬಾವಿ ಹತ್ರ ಬಿಟ್ಟಾರೇನು, ಬರಾಕ? ಹಳ್ಳದ ಉಸುಕಿನ್ಯಾಗ ವರತಿ ತೋಡಿ ಕುಡೀತಾರ. ಊರಾಗಿನ ಮಂದಿ ಮಡಿ ಮಾಡಿ ಮಾಡಿ ಅವ್ರ ಕಾಲು ಉಳಿಸ್ಯಾರ," ಎಂದು ವೀರಬಸಮ್ಮ ನಕ್ಕಳು.

ಇನ್ನೊಂದು ಬಿಳಿ ಜಾಗ ಬಾವಿಗೆ ಅಂಟಿಕೊಂಡೇ ಇದ್ದ ಪಟೇಲರ ಮನೆ. ಎಂಟು ಜನರ ಸಂಸಾರ. ವೀರಬಸಮ್ಮನಿಗೆ ಗೊತ್ತಿದ್ದಂತೆ ಅಲ್ಲಿ ಯಾರಿಗೂ ಹುಳ ಇರಲಿಲ್ಲ.

ಮರುದಿನ ಚಾವಡಿಯಲ್ಲಿ ನಕಾಶೆ ಹರಡಿದಾಗ ಜನ ಬಗ್ಗಿ ನೋಡಿದರು. ತಮ್ಮ ತಮ್ಮ ಮನೆಯ ಚುಕ್ಕೆ ಎಣಿಸಿಕೊಂಡರು. ಕೇರಿ ಯಾಕೆ ಬಿಳಿಯಾಗಿದೆ ಎಂದು ಯಾರೂ ಕೇಳಲಿಲ್ಲ. ಎಲ್ಲರ ಬೆರಳೂ ಪಟೇಲರ ಮನೆಯ ಮೇಲೇ ನಿಂತಿತು.

"ಪಟೇಲ್ರ, ನಾವೂ ಅದ ನೀರು ಕುಡೀತೀವಿ, ನೀವೂ ಅದ ನೀರು ಕುಡೀತೀರಿ. ನಿಮ್ಮ ಮನ್ಯಾಗ ಏನು ಮಾಡ್ತೀರಿ?" ಎಂದು ಬೀರಯ್ಯ ಕೇಳಿದ.

ಮೊಗುಲಪ್ಪ ಪಟೇಲ ಕೆಟ್ಟವನಲ್ಲ. ಆದರೆ ಹೊಗಳಿಕೆ ಎದುರು ಬಂದರೆ ದಾರಿ ಬಿಡುವ ಅಭ್ಯಾಸ ಅವನಿಗಿರಲಿಲ್ಲ. ಮೀಸೆಯ ಮೇಲೆ ಕೈಯಾಡಿಸಿ, "ನಾನು ದಿನಾ ಮುಂಜಾನೆ ಬಾವ್ಯಾಗಿಳಿದು, ಸೂರ್ಯಗ ಮಾರಿ ಮಾಡಿ, ಏಳು ಬೊಗಸಿ ನೀರು ಕುಡೀತೀನಿ. ನಮ್ಮ ಅಜ್ಜನ ಪುಣ್ಯದ ಬಾವಿ ಅದು. ನಂಬಿ ಕುಡಿದವ್ರನ್ನ ಕೈ ಬಿಡಂಗಿಲ್ಲ," ಎಂದ.

ಉರುಕುಂದಪ್ಪ ತಲೆಯ ಮೇಲೆ ಕೈ ಹೊತ್ತ. ಬಾವಿಯ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬಿಸಿಲಿಗೆ ತೋರಿಸಿದ. ಅದರಲ್ಲಿ ರಾಗಿಯ ಹೊಟ್ಟಿಗಿಂತ ಸಣ್ಣ ಹುಳಗಳು ಕುಪ್ಪಳಿಸುತ್ತಿದ್ದವು. ಹುಣ್ಣಾದವರು ನೀರಿಗಿಳಿದಾಗ ನಾರುಹುಳದ ಮರಿ ನೀರಿಗೆ ಬೀಳುತ್ತದೆ, ಈ ಸಣ್ಣ ಹುಳ ಅದನ್ನು ನುಂಗುತ್ತದೆ, ಹುಳವನ್ನು ನಾವು ನುಂಗುತ್ತೇವೆ, ಬರುವ ಬೇಸಿಗೆಗೆ ಆ ಮರಿ ಬೆಳೆದು ಕಾಲಿನಿಂದ ಹೊರಬರುತ್ತದೆ ಎಂದು ವಿವರಿಸಿದ. ಜನ ಮರ್ಯಾದೆಯಿಂದ ಕೇಳಿಸಿಕೊಂಡರು. ಮರುದಿನ ಮುಂಜಾನೆ ಹನ್ನೊಂದು ಮಂದಿ, ಅವರಲ್ಲಿ ಐದು ಮಂದಿ ಹುಣ್ಣಿನ ಕಾಲಿನವರೇ, ಬಾವಿಯಲ್ಲಿ ಸಾಲಾಗಿ ನಿಂತು ಸೂರ್ಯನಿಗೆ ಮುಖಮಾಡಿ ಏಳು ಬೊಗಸೆ ನೀರು ಕುಡಿಯುತ್ತಿದ್ದರು. ಬೀರಯ್ಯ ನಂಬಿಕೆ ಹೆಚ್ಚಾಗಿ ಒಂಬತ್ತು ಕುಡಿದ.

ಆದರೆ ಅಲ್ಲಿ ಪಟೇಲ ಮಾತ್ರ ಇರಲಿಲ್ಲ. ಎರಡು ದಿನವಾದರೂ ಬರಲಿಲ್ಲ. ಮೂರನೆಯ ದಿನ ಚಾವಡಿಗೆ ಬಂದಾಗ ಎಡಗಾಲಿನ ಪಾದಕ್ಕೆ ರುಮಾಲು ಸುತ್ತಿಕೊಂಡಿದ್ದ.

"ಜಾಲಿ ಮುಳ್ಳು," ಎಂದ, ಯಾರೂ ಕೇಳದಿದ್ದರೂ.

ಜನ ಪುಣ್ಯದ ಬಾವಿಯ ಮಾತು ತೆಗೆದರು. ಪಟೇಲನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹಣೆಯಲ್ಲಿ ಬೆವರು, ಕಾಲು ಆ ಕಡೆ ಈ ಕಡೆ. ಕಡೆಗೆ ದನಿ ತಗ್ಗಿಸಿ, "ಯಾರಾರ ಒಂದು ಬೋಗುಣಿ ನೀರು ತರ್ರಿ. ಕಾಲಿಗಿ ಕಾವು ಹೆಚ್ಚಾಗೈತಿ," ಎಂದ. ಹಿತ್ತಾಳೆಯ ಬೋಗುಣಿ ಬಂತು. ರುಮಾಲು ಬಿಚ್ಚಿ ಕಾಲಿಟ್ಟ. ಆಹಾ ಎಂದು ಕಣ್ಣು ಮುಚ್ಚಿದ.

ಚಾವಡಿಯ ಮೂಲೆಯಲ್ಲಿ ಕೂತಿದ್ದ ವೀರಬಸಮ್ಮ ಎದ್ದು ಬಂದು ಬೋಗುಣಿಯೊಳಗೆ ನೋಡಿದಳು. ಬಿಳಿ ನೂಲು ಬೆರಳುದ್ದ ಹೊರಬಂದಿತ್ತು.

"ಪಟೇಲ್ರ, ನಿಮ್ಮ ಜಾಲಿ ಮುಳ್ಳಿಗಿ ಜೀವ ಐತ್ರಿ," ಎಂದಳು.

ಯಾರೂ ನಗಲಿಲ್ಲ. ನಗಬಾರದೆಂದು ಇಡೀ ಚಾವಡಿ ಪಟ್ಟ ಪಾಡನ್ನು ನೋಡಿ ಪಟೇಲನಿಗೇ ನಗು ಬಂತು. ಆಮೇಲೆ ಹಾದಿಯವರೆಗೆ ಕೇಳುವಷ್ಟು ಎಲ್ಲರೂ ನಕ್ಕರು. ವೀರಬಸಮ್ಮ ಕಡ್ಡಿ ತಂದಳು. ಉರುಕುಂದಪ್ಪ ಮಸಿಯ ಸೀಸೆ ತೆರೆದ.

"ಇನ್‌ಸ್ಪೆಕ್ಟರ್ ಸಾಹೇಬ್ರ, ನನ್ನದು ಸ್ವಲ್ಪ ಸಣ್ಣದು ಹಚ್ರಿ," ಎಂದ ಪಟೇಲ.

"ಎಲ್ಲಾರ್ದೂ ಒಂದ ಅಳತಿರಿ ಪಟೇಲ್ರ."

ಅಂದು ಸಂಜೆ ಉರುಕುಂದಪ್ಪ ಪಟೇಲರ ಮನೆಗೆ ಹೋದ. ಪಟೇಲ ಹೊರಸಿನ ಮೇಲೆ ಕಾಲು ಚಾಚಿ ಮಲಗಿದ್ದ. ಕಡ್ಡಿಯನ್ನು ಕಾಲಿಗೆ ಕಟ್ಟಿತ್ತು. ಉರುಕುಂದಪ್ಪನಿಗೆ ಒಂದು ಮಾತು ಬಗೆಹರಿದಿರಲಿಲ್ಲ. ಎಂಟು ಜನರಲ್ಲಿ ಒಬ್ಬನಿಗೆ ಬಂತು, ಸರಿ. ಮಿಕ್ಕ ಏಳು ಜನಕ್ಕೆ ಯಾಕಿಲ್ಲ?

ಪಟೇಲನ ಹೆಂಡತಿ ಎಂಕಮ್ಮ ನಾರಾಯಣಪೇಟೆಯವಳು. ತಂದೆಗೆ ಸೀರೆ ವ್ಯಾಪಾರ. ಅವಳು ಬೆಳೆದದ್ದು ನೂಲಿಗೆ ಬಣ್ಣ ಹಾಕುವವರ ಓಣಿಯಲ್ಲಿ. ಉರುಕುಂದಪ್ಪ ನೀರಿನ ಬಗ್ಗೆ ಕೇಳಿದ ಕೂಡಲೇ ಅವಳು ಒಳಗಿನ ಹಂಡೆಯ ಬಾಯಿಗೆ ಕಟ್ಟಿದ್ದ ಬಟ್ಟೆ ತೋರಿಸಿದಳು. ಎರಡು ಮಡಿಕೆ ಮಾಡಿದ ಹಳೆಯ ನಾರಾಯಣಪೇಟೆ ಸೀರೆ.

"ನಮ್ಮ ಓಣ್ಯಾಗ ಬಣ್ಣಕ್ಕ ಸೈತ ನೀರು ಸೋಸೇ ಹಾಕ್ತಾರ್ರಿ. ಕಸ ಇದ್ರ ನೂಲಿನ ಮ್ಯಾಲ ಕಲಿ ಬೀಳ್ತಾವ. ನೂಲಿಗಿ ಸೋಸಿದ ನೀರು, ಮಕ್ಕಳಿಗಿ ಕಸದ ನೀರು ಅಂದ್ರ ನನಗ ಮನಸ್ಸು ಬರ್ಲಿಲ್ಲ. ಇಲ್ಲಿಗಿ ಬಂದಾಗಿಂದ ಸೋಸ್ತೀನಿ."

"ಪಟೇಲ್ರು?"

"ಅವ್ರನ್ನ ಕೇಳ್ರಿ."

ಪಟೇಲ ಗೋಡೆಯ ಕಡೆ ತಿರುಗಿದ. "ಸೋಸಿದ ನೀರಿಗಿ ರುಚಿ ಇರಂಗಿಲ್ಲ," ಎಂದ.

ಹುಳ ಪೂರ್ತಿ ಹೊರಬರಲು ಹದಿಮೂರು ದಿನ ಹಿಡಿಯಿತು. ಆ ಹದಿಮೂರು ದಿನ ಪಟೇಲ ಕದಲುವಂತಿರಲಿಲ್ಲ. ಉರುಕುಂದಪ್ಪ ಸುತ್ತಲಿನ ಹಳ್ಳಿಗಳನ್ನು ಮುಗಿಸಿಕೊಂಡು ಬಂದಾಗಲೆಲ್ಲ ಹೊರಸಿನ ಪಕ್ಕದಲ್ಲಿ ಕೂತು ಹೊಸ ಹಾಳೆ ತೋರಿಸುತ್ತಿದ್ದ. ಪ್ರತಿ ಊರಿನಲ್ಲೂ ಮೆಟ್ಟಿಲ ಬಾವಿಯ ಸುತ್ತಲೇ ಕೆಂಪು. ಒಂಬತ್ತನೆಯ ದಿನ ಪಟೇಲ, "ಮೆಟ್ಟಿಲಿಗಿ ಗ್ವಾಡಿ ಕಟ್ಟಿ, ಗಾಲಿ ಹಾಕಿ ಸೇದೋ ಹಂಗ ಮಾಡಿದ್ರ?" ಎಂದ. ಉರುಕುಂದಪ್ಪ ಆ ಮಾತನ್ನು ಚಾವಡಿಯಲ್ಲಿ ನಕಾಶೆ ಹರಡಿದ ದಿನವೇ ಹೇಳಿದ್ದ. ಆದರೂ, "ಚಲೋ ವಿಚಾರ ಮಾಡೀರಿ ಪಟೇಲ್ರ," ಎಂದ.

ಬಾವಿಯ ನೀರು ತೆಗೆದು, ಸುಣ್ಣ ಹಾಕಿ, ಗೋಡೆ ಕಟ್ಟಲು ಒಂದು ತಿಂಗಳು ಹತ್ತಿತು. ಉಪ್ಪುನೀರಿನ ಬಾವಿ ಊರಿಗೆಲ್ಲ ಸಾಲಲಿಲ್ಲ. ಉಳಿದದ್ದು ಹಳ್ಳದ ವರತಿ. ಮೊದಲ ದಿನ ಎಂಕಮ್ಮ, ಹಿಂದೆ ಹತ್ತು ಹೆಂಗಸರು, ಕೊಡ ಹಿಡಿದು ಕೇರಿಯ ಬಾಲಮ್ಮನ ಮುಂದೆ ನಿಂತರು. ಬಾಲಮ್ಮ ಉಸುಕು ತೋಡುತ್ತಿದ್ದವಳು ತಲೆಯೆತ್ತಿ ಒಬ್ಬೊಬ್ಬರನ್ನೇ ನಿಧಾನವಾಗಿ ನೋಡಿದಳು.

"ತುಂಬ್ಕೋರಿ. ಆದ್ರ ವರತ್ಯಾಗ ಕಾಲು ಇಡಬ್ಯಾಡ್ರಿ," ಎಂದಳು.

ಹೆಂಗಸರು ದಂಡೆಯ ಮೇಲೆ ಸಾಲಾಗಿ ನಿಂತರು. ಬಾಲಮ್ಮ ಸೋರೆಬುರುಡೆಯಿಂದ ಮೊಗೆದು ಮೊಗೆದು ಅವರ ಕೊಡಕ್ಕೆ ಹಾಕಿದಳು. ಗೋಡೆ ಎದ್ದು ಗಾಲಿ ತಿರುಗತೊಡಗಿದ ಮೇಲೆ ಎಂಕಮ್ಮ ತಾನೇ ಹಳ್ಳ ದಾಟಿ ಹೋಗಿ ಬಾಲಮ್ಮನನ್ನು ಬಾವಿಗೆ ಕರೆತಂದಳು. ನಾಲ್ಕು ಮಂದಿ ಗೊಣಗಿದರು. ಒಂದು ತಿಂಗಳು ಬಾಲಮ್ಮನ ಕೈಯ ನೀರನ್ನೇ ಕುಡಿದಿದ್ದರಿಂದ ಜೋರಾಗಿ ಗೊಣಗಲು ಅವರಿಗೆ ಬಾಯಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಕೆಂಪು ಚುಕ್ಕೆ ಕಡಿಮೆಯಾಗಲಿಲ್ಲ. ಗೋಡೆ ಏಳುವ ಮೊದಲು ಕುಡಿದ ನೀರಿನ ಹುಳ ಈಗ ಹೊರಬಂದಿದ್ದವು. ಏಳು ಬೊಗಸೆ ಕುಡಿದ ಹನ್ನೊಂದು ಮಂದಿಯಲ್ಲಿ ಎಂಟು ಮಂದಿಗೆ ಹುಣ್ಣೆದ್ದಿತು; ಬೀರಯ್ಯನಿಗೆ ಎರಡೂ ಕಾಲಿಗೆ. ಅವರು ಕುಂಟುತ್ತ ಬಂದು ಪಟೇಲನ ಕಟ್ಟೆಯ ಮೇಲೆ ಕೂತರು. ಕಾಲು ಮುಂದೆ ಚಾಚಿದರು. ಪಟೇಲ ಎಂಟೂ ಮಂದಿಗೆ ಬೋಗುಣಿಯಲ್ಲಿ ನೀರು ತಂದುಕೊಟ್ಟ, ಆ ನೀರನ್ನು ಬಾವಿಯಿಂದ ದೂರ ಒಯ್ದು ತಾನೇ ಚೆಲ್ಲಿದ. ಹದಿನೈದು ದಿನ ಅವನ ಕೆಲಸ ಅದೇ ಆಯಿತು.

ಅದರ ಮುಂದಿನ ಬೇಸಿಗೆಗೆ ಉರುಕುಂದಪ್ಪ ಮತ್ತೆ ಹೋದಾಗ ಇಡೀ ಸಂಗನಾಳದಲ್ಲಿ ಸಿಕ್ಕಿದ್ದು ಎರಡು ಹುಣ್ಣು, ಎರಡೂ ಬೇರೆ ಊರಿನ ನೀರು ಕುಡಿದು ಬಂದವರದು. ವೀರಬಸಮ್ಮ ಹೊರಗೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು.

"ನನ್ನ ಕೈಗಿ ಕೆಲಸಿಲ್ಲಂಗ ಮಾಡಿದಿ ತಮ್ಮಾ," ಎಂದಳು. "ಇನ್ನ ಯಾರನ್ನ ಬಯ್ಯಲಿ ನಾನು?"

"ಹೊಸ ಊರಿಗಿ ಹೊಂಟೀನಿ, ಬಾ ಅವ್ವಾ. ಅಲ್ಲಿ ಕಾಲು ತೋರ್ಸಾಕ ಯಾರೂ ಒಪ್ಪವಲ್ರು."

ಅವಳು ಹುಣಸೆಹಣ್ಣಿನ ಮೊರವನ್ನು ಒಳಗಿಟ್ಟು, ಸೆರಗು ಕೊಡವಿ, ಕೋಲು ತೆಗೆದುಕೊಂಡು ಅವನ ಜೊತೆ ಹೊರಟಳು.