ಬೇಡದ ಮೇಲ್‌ಗಳ ಚಂದ್ರಶೇಖರಯ್ಯ

ಏಪ್ರಿಲ್ ತಿಂಗಳ ಮಧ್ಯಾಹ್ನ, ಹೊಳೆನರಸೀಪುರದ ಡಾಂಬರು ಚಪ್ಪಲಿಗೆ ಅಂಟಿಕೊಳ್ಳುವಷ್ಟು ಕಾದಿರುವಾಗ, ಕಂದು ಬಣ್ಣದ ಉಣ್ಣೆಯ ಕೋಟು ತೊಟ್ಟು, ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡ ಎತ್ತರದ ಮನುಷ್ಯರೊಬ್ಬರು ಕಾಫಿಪುಡಿ ಅಂಗಡಿಯ ಮುಂದೆ ನಿಂತಿದ್ದರೆ, ಅವರು ಚಂದ್ರಶೇಖರಯ್ಯನವರಲ್ಲದೆ ಬೇರೆ ಯಾರೂ ಆಗಿರಲಾರರು. ಹೊಸಬರು ಪಾಪ, ಜ್ವರವೇನೋ ಎಂದು ಮರುಗುತ್ತಾರೆ. ಜ್ವರವಲ್ಲ. ಮನೆಯ ಮಹಡಿಯ ಕೋಣೆಯಲ್ಲಿ ಅವರು ಸಾಕಿಕೊಂಡಿರುವ ಸರ್ವರ್ ಯಂತ್ರಗಳಿಗೆ ಹಗಲಿರುಳೂ ಶೈತ್ಯ ಬೇಕು. ಅವುಗಳ ಸಹವಾಸದಲ್ಲಿ ಕೂರುವ ಇವರಿಗೆ ಉಷ್ಣ ಬೇಕು. ಮೆಟ್ಟಿಲಿಳಿದು ಬೀದಿಗೆ ಬರುವಾಗ ಕೋಟು ಕಳಚಬೇಕೆಂಬುದು ಅವರ ಲಕ್ಷ್ಯಕ್ಕೆ ಎಂದೂ ಬಂದದ್ದಿಲ್ಲ. ಲಕ್ಷ್ಯವೆಲ್ಲ ಬೇರೆ ಕಡೆ. ನಾಲ್ಕು ಹೆಜ್ಜೆ ನಡೆಯುತ್ತಾರೆ, ನಿಲ್ಲುತ್ತಾರೆ, ಗೋಡೆಗೆ ಅಂಟಿಸಿದ ಯಾವುದೋ ಜಾಹೀರಾತನ್ನು ತುದಿಯ ಫೋನ್ ನಂಬರಿನವರೆಗೂ ಓದುತ್ತಾರೆ, ಮತ್ತೆ ನಡೆಯುತ್ತಾರೆ. ಯಾರು ಏನು ಕೇಳಿದರೂ ಮೊದಲು ಅಂಗೈ ಎತ್ತುತ್ತಾರೆ: "ತಡೀರಿ, ನೋಡಾಣ."

ದೂರವಾಣಿ ಇಲಾಖೆಯಲ್ಲಿ ಎಂಜಿನಿಯರಾಗಿ ನಿವೃತ್ತರಾದ ಮೇಲೆ ಅವರು ಕೈಗೆತ್ತಿಕೊಂಡದ್ದು ಇಮೇಲ್ ಸೇವೆ. ಹಾಸನದ ಲಾಡ್ಜುಗಳು, ಚನ್ನರಾಯಪಟ್ಟಣದ ಕೊಬ್ಬರಿ ಮಂಡಿಗಳು, ಅರಕಲಗೂಡಿನ ಶುಂಠಿ ವ್ಯಾಪಾರಿಗಳು, ಒಂದೆರಡು ಶಾಲೆಗಳು, ಇವರೆಲ್ಲರ ಮೇಲ್ ಮೊದಲು ಆ ಮಹಡಿಯ ಕೋಣೆಗೆ ಬಂದು, ಅಲ್ಲಿಂದ ಅವರವರ ಫೋನಿಗೆ ಹೋಗುತ್ತದೆ. ನನ್ನದೂ ಅಷ್ಟೇ. ಬರುವ ಮೇಲ್‌ಗಳಲ್ಲಿ ಮುಕ್ಕಾಲು ಪಾಲು ಕಸವೆಂಬುದು ಎಲ್ಲರೂ ಬಲ್ಲ ಸಂಗತಿ. ಉಳಿದವರು ಶಪಿಸುವ ಆ ಕಸವನ್ನು ಚಂದ್ರಶೇಖರಯ್ಯನವರು ಮಾತ್ರ ಹಕ್ಕಿ ನೋಡುವವರು ಹಕ್ಕಿಯನ್ನು ನೋಡುವಷ್ಟು ಕುತೂಹಲದಿಂದ ನೋಡುತ್ತಿದ್ದರು. ವಾರಸುದಾರರಿಲ್ಲದೆ ಸತ್ತ ವಿದೇಶಿ ಸಿರಿವಂತನೊಬ್ಬನ ಆಸ್ತಿಗೆ ನೀವೇ ಹಕ್ಕುದಾರರೆಂಬ ಮೇಲ್ ಅವರಿಗೇ ಒಮ್ಮೆ ಬಂದಾಗ ನನ್ನನ್ನು ಕರೆದು ತೋರಿಸಿದರು. "ಹೋದ ವರ್ಷ ಹಡಗಿನಲ್ಲಿ ಮುಳುಗಿ ಸತ್ತಿದ್ದ. ಈ ವರ್ಷ ಹೃದಯಾಘಾತ. ಹೆಂಡ್ತಿ ಹೆಸರು ಮಾತ್ರ ಅದೇ ಇದೆ, ನೋಡಿ."

ಇಷ್ಟು ಕುತೂಹಲವಿದ್ದರೂ ಗ್ರಾಹಕರ ಮೇಲ್ ಅನ್ನು ಅವರು ಓದುತ್ತಿರಲಿಲ್ಲ, ಯಾವುದು ಬೇಡವೆಂದು ತಾವಾಗಿ ತೀರ್ಮಾನಿಸುತ್ತಲೂ ಇರಲಿಲ್ಲ. ಪ್ರತಿಯೊಬ್ಬರನ್ನೂ ಎದುರು ಕೂರಿಸಿಕೊಂಡು, ಅವರ ಬಾಯಿಂದಲೇ ಕೇಳಿ, ಒಬ್ಬೊಬ್ಬರಿಗೆ ಒಂದೊಂದು ಬಗೆಯ ಫಿಲ್ಟರ್ ಅನ್ನು ಸರ್ವರಿನ ಬಾಗಿಲಲ್ಲೇ ಕಟ್ಟಿಕೊಡುತ್ತಿದ್ದರು. ಚನ್ನರಾಯಪಟ್ಟಣದ ಕೊಬ್ಬರಿ ಮಂಡಿಯ ನಂಜಯ್ಯನವರು, "ಸಾಲ ಕೊಡ್ತೀವಿ ಅನ್ನೋರ್ನೆಲ್ಲಾ ನಿಲ್ಸಿ ಸಾ. ಮಿಷಿನ್ ಮಾರೋರ್ನ ಬುಡಿ, ಪಟ ನೋಡ್ತೀನಿ" ಎಂದರೆ ಹಾಗೆಯೇ. ಒಂದು ವಿಷಯದಲ್ಲಿ ಮಾತ್ರ ಅವರದು ಹಟ. ಬೇಡದ ಮೇಲ್ ಅನ್ನು ಸದ್ದಿಲ್ಲದೆ ನುಂಗಬಾರದು; 'ಇದನ್ನು ಸ್ವೀಕರಿಸಿಲ್ಲ' ಎಂದು ಬಾಗಿಲಿನಿಂದಲೇ ಕಳಿಸಿದವನಿಗೆ ಹಿಂದಿರುಗಿಸಬೇಕು. ಬರೆದವನಿಗೆ ತನ್ನ ಮೇಲ್ ಏನಾಯಿತೆಂದು ತಿಳಿಯುವ ಹಕ್ಕಿದೆ ಎಂಬುದು, ದೂರವಾಣಿಯ ಕಾಲದಿಂದ ಅವರು ಕಾಪಾಡಿಕೊಂಡು ಬಂದ ಧರ್ಮ.

ಆ ಧರ್ಮಕ್ಕೆ ಪೆಟ್ಟು ಬಿದ್ದದ್ದು ಅರಕಲಗೂಡಿನ ಭವ್ಯಶ್ರೀಯಿಂದ. ಒಣಶುಂಠಿಯನ್ನೂ ಶುಂಠಿಪುಡಿಯನ್ನೂ ಪೊಟ್ಟಣ ಕಟ್ಟಿ ಹೊರ ಊರುಗಳಿಗೆ ಕಳಿಸುವ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಮುಂದಿನದನ್ನು ನನಗೆ ಹೇಳಿದವಳೂ ಅವಳೇ. ಒಂದು ಬೆಳಗ್ಗೆ ಬಸ್ಸಿಳಿದು ನೇರ ಮಹಡಿ ಹತ್ತಿ ಬಂದಳು. ಹಿಂದೊಮ್ಮೆ ಅವಳನ್ನು ನೋಡಲು ಬಂದು, ಬೇಡವೆನ್ನಿಸಿಕೊಂಡು ಹೋಗಿದ್ದ ಒಬ್ಬಾತ ದಿನವೂ ಮೇಲ್ ಕಳಿಸುತ್ತಿದ್ದ. ಮೊದಮೊದಲು ಗೋಗರೆತ, ಆಮೇಲೆ ಬೈಗುಳ, ಈಗೀಗ ಅವಳು ಆಯಾ ದಿನ ಉಟ್ಟ ಸೀರೆಯ ಬಣ್ಣ.

ಚಂದ್ರಶೇಖರಯ್ಯನವರು ಎಂದಿನಂತೆ ಅಂಗೈ ಎತ್ತಿದರು. "ತಡೀರಿ, ನೋಡಾಣ. ವಿಳಾಸ ಬದಲಾಯಿಸಿಬಿಟ್ರೆ ಹೇಗೆ?"

"ಪೊಟ್ಟಣದ ಮೇಲೆಲ್ಲಾ ಅದೇ ವಿಳಾಸ ಐತೆ ಸಾ. ತಪ್ಪು ಮಾಡ್ತಿರೋನು ಅವನು. ನಾನ್ಯಾಕೆ ಬದಲಾಯಿಸ್ಲಿ?"

ಮಾತು ಅವರಿಗೆ ಹಿಡಿಸಿತು. ಆತನ ವಿಳಾಸದಿಂದ ಬರುವ ಮೇಲ್‌ಗಳನ್ನೆಲ್ಲ ಹಿಂದಿರುಗಿಸುವಂತೆ ಫಿಲ್ಟರ್ ಕಟ್ಟಿ, ಇನ್ನು ನೆಮ್ಮದಿಯಾಗಿರಮ್ಮ ಎಂದು ಕಳಿಸಿಕೊಟ್ಟರು.

ಎರಡೇ ದಿನಕ್ಕೆ ಅವಳು ಮತ್ತೆ ಬಂದಳು. ಈ ಸಲ ಕೂರಲಿಲ್ಲ. ಫೋನನ್ನು ಅವರ ಮುಂದೆ ಹಿಡಿದಳು. ಹೊಸ ವಿಳಾಸ, ಅದೇ ಮನುಷ್ಯ: ಬಾಗಿಲು ಹಾಕಿಕೊಂಡೆಯಾ, ನನಗೆ ಎಷ್ಟು ಬಾಗಿಲು ಗೊತ್ತಿದೆ ನೋಡು.

"ವಾಪಸ್ ಕಳ್ಸಿ ನೀವೇ ಅವನ್ಗೆ ಹೇಳ್ಕೊಟ್ರಿ ಸಾ. ಸುಮ್ನೆ ನುಂಗ್ಬುಟ್ಟಿದ್ರೆ, ಓದ್ತಾವ್ಳೆ ಅಂತ ಅಂದ್ಕೊಂಡು ಅಲ್ಲೇ ಬಿದ್ದಿರೋನು."

ಇಷ್ಟು ಕಾಲ ತಾವು ನ್ಯಾಯವೆಂದುಕೊಂಡದ್ದು ಈ ಹುಡುಗಿಯ ಪಾಲಿಗೆ ಅಪಾಯವಾಯಿತೆಂಬುದು ಚಂದ್ರಶೇಖರಯ್ಯನವರಿಗೆ ನಾಟಿತು. ಆದರೆ ಆತ ದಿನಕ್ಕೊಂದು ವಿಳಾಸ ಮಾಡಿಕೊಂಡರೆ ವಿಳಾಸ ನೋಡಿ ತಡೆಯುವ ಫಿಲ್ಟರಿನಿಂದ ಏನು ಪ್ರಯೋಜನ? ಆತನ ಬರವಣಿಗೆಯನ್ನೇ ಗುರುತಿಸಬೇಕು. ಅದಕ್ಕೆ ಅವುಗಳನ್ನು ಓದಬೇಕು. ಭವ್ಯಶ್ರೀ ತಲೆ ತಗ್ಗಿಸಿದಳು. ಅವನ್ನು ಇನ್ನೊಬ್ಬ ಗಂಡಸಿನ ಮುಂದೆ ತೆರೆಯಲು ಅವಳಿಗೆ ಮನಸ್ಸಿಲ್ಲ; ತೆರೆಯಿರಿ ಎನ್ನಲು ಇವರಿಗೆ ನಾಲಗೆಯಿಲ್ಲ.

ಕಾಫಿ ತಂದಿದ್ದ ಗಂಗಾಂಬಿಕೆಯವರು, ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಅವರ ಪತ್ನಿ, ಕನ್ನಡಕ ಏರಿಸಿಕೊಂಡು ಕೈ ಚಾಚಿದರು. "ನನ್ ಕೈಗೆ ಕೊಡವ್ವ. ರೀ, ನೀವು ಕೆಳಗೆ ಹೋಗಿ ಅವರೆಕಾಯಿ ಬಿಡಿಸ್ತಿರಿ."

ಯಾರದೋ ಉತ್ತರಪತ್ರಿಕೆ ತಿದ್ದುವವರಂತೆ, ಮುಖ ಸಿಂಡರಿಸದೆ, ಒಂದನ್ನೂ ಬಿಡದೆ ಓದಿದರು. ಗಂಡನನ್ನು ಮೇಲಕ್ಕೆ ಕರೆದು ತೀರ್ಪು ಹೇಳಿದರು: "ಇಂಗ್ಲಿಷ್ ಅಕ್ಷರದಾಗೆ ಕನ್ನಡ ಬರೀತಾನೆ. ಪೂರ್ಣವಿರಾಮ ಅನ್ನೋದೇ ಗೊತ್ತಿಲ್ಲ, ವಾಕ್ಯ ಮುಗಿದ ಕಡೆ ಎರಡು ಕಾಮ ಹಾಕ್ತಾನೆ. ಈ ಮಗು ಹೆಸರಿಗೆ ಹೆಚ್ ಹಾಕಲ್ಲ. ಬವ್ಯ, ಬವ್ಯ."

ಚಂದ್ರಶೇಖರಯ್ಯನವರ ಕಣ್ಣು ಅರಳಿತು. ನಮ್ಮ ಕಡೆ ನಾಲಗೆ ಮಹಾಪ್ರಾಣವನ್ನು ಬಿಡುವುದು ಸರಿ, ಬೆರಳೂ ಬಿಡುತ್ತದೆಯೇ ಎಂದು ವಿಸ್ಮಯಪಟ್ಟರು. ಹೆಚ್ ಬಿಟ್ಟವರನ್ನೆಲ್ಲ ತಡೆದರೆ ಅರ್ಧ ಜಿಲ್ಲೆಯೇ ಹೊರಗೆ ನಿಲ್ಲಬೇಕಾದೀತು; ಆದ್ದರಿಂದ ಹೆಚ್ ಇಲ್ಲದ ಹೆಸರೂ ಎರಡು ಕಾಮವೂ ಕೂಡಿದ್ದರೆ ಮಾತ್ರ, ಎಂದು ಫಿಲ್ಟರ್ ಬರೆದರು. ಹಾಗೆ ಸಿಕ್ಕದ್ದನ್ನು ಹಿಂದಿರುಗಿಸಲಿಲ್ಲ, ಎಸೆಯಲೂ ಇಲ್ಲ. ಬೇರೊಂದು ಪೆಟ್ಟಿಗೆಯಲ್ಲಿ ಹಾಗೆಯೇ ಸೇರಿಸಿಡುವಂತೆ ಮಾಡಿದರು. ಪ್ರತಿ ಬೆಳಗ್ಗೆ ಕಳಿಸಿದವರ ಹೆಸರನ್ನೂ ತಲೆಬರಹವನ್ನೂ ಮಾತ್ರ ತಾವು ನೋಡುವುದಕ್ಕೆ ಭವ್ಯಶ್ರೀಯ ಒಪ್ಪಿಗೆ ಪಡೆದರು.

"ನೋಡಿ ಏನ್ಮಾಡ್ತೀರಿ ಸಾ?"

"ತಪ್ಪಿ ಯಾರಾದ್ರೂ ಒಳ್ಳೇರು ಸಿಕ್ಕಿರ್ಬೋದು ಕಣಮ್ಮ."

ಆತ ಬರೆಯುತ್ತಲೇ ಇದ್ದ. ಅವಳ ಫೋನು ಸುಮ್ಮನಿತ್ತು. ಆರ್ಡರುಗಳನ್ನು ಮತ್ತೆ ಧೈರ್ಯವಾಗಿ ತೆರೆಯತೊಡಗಿದಳು, ತಮ್ಮ ಶಶಿಕುಮಾರನಿಗೆ ಒಪ್ಪಿಸಿದ್ದ ಅಂಗಡಿಯ ಗಲ್ಲಾದಲ್ಲಿ ಮತ್ತೆ ತಾನೇ ಕೂತಳು. ಆದರೆ ಒಂದು ಬೆಳಗ್ಗೆ ಆ ಪೆಟ್ಟಿಗೆಯಲ್ಲಿದ್ದ ತಲೆಬರಹ ನೋಡಿ ಚಂದ್ರಶೇಖರಯ್ಯನವರು ಎದ್ದು ನಿಂತರು: ಇವತ್ತು ಸಂಜೆ ಅಂಗಡಿಗೆ ಬರುತ್ತೇನೆ, ಬಾಟಲಿ ತರುತ್ತೇನೆ. ಅವಳ ಕಿವಿಗೆ ಕೆಟ್ಟದ್ದು ಬೀಳದಂತೆ ಮಾಡಿದ ಫಿಲ್ಟರೇ ಅವಳಿಗೆ ಎಚ್ಚರಿಕೆಯೂ ಮುಟ್ಟದಂತೆ ಮಾಡಿತ್ತು. ಅವರು ಅಂಗೈ ಎತ್ತಲಿಲ್ಲ, ತಡೀರಿ ಎನ್ನಲಿಲ್ಲ. ಫೋನು ಮಾಡಿ ಅಂಗಡಿ ಮುಚ್ಚಿಸಿದರು, ಗಂಗಾಂಬಿಕೆಯವರನ್ನು ಹೊರಡಿಸಿದರು, ಕಾರು ಗೊತ್ತುಮಾಡಿ, ತಮ್ಮನೊಡನೆ ಬಂದ ಭವ್ಯಶ್ರೀಯನ್ನು ಹಾಸನದಲ್ಲಿ ಕೂಡಿಕೊಂಡು ಸೈಬರ್ ಠಾಣೆಯ ಮೆಟ್ಟಿಲು ಹತ್ತಿದರು. ಪೆಟ್ಟಿಗೆಯಲ್ಲಿದ್ದ ಪ್ರತಿಯೊಂದು ಮೇಲ್, ಎಲ್ಲಿಂದ ಹೊರಟಿತು, ಯಾವಾಗ ಬಂತು ಎಂಬ ವಿವರಗಳ ಸಮೇತ, ಅಲ್ಲಿನ ಅಧಿಕಾರಿಯ ಮುಂದೆ ತೆರೆದುಕೊಂಡಿತು. ನುಂಗಿ ಹಾಕಿದ್ದರೆ ಏನೂ ಉಳಿಯುತ್ತಿರಲಿಲ್ಲ. ಸಂಜೆ ಅಂಗಡಿಯ ಎದುರು ಬೈಕು ನಿಲ್ಲಿಸಿದವನನ್ನು ಮಫ್ತಿಯಲ್ಲಿದ್ದ ಪೊಲೀಸರು ಹಿಡಿದರು. ಚೀಲದಲ್ಲಿ ಬಾಟಲಿ ಇತ್ತು. ಅದರಲ್ಲೇನಿತ್ತೆಂದು ನಾನು ಕೇಳಿದಾಗ ಭವ್ಯಶ್ರೀ ಹೇಳಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಈಗ ಹಾಸನದ ಕೋರ್ಟಿನಲ್ಲಿ ಕೇಸು ನಡೆಯುತ್ತಿದೆ.

ಇಲ್ಲಿಗೆ ಮುಗಿಯಿತೆಂದು ಎಲ್ಲರೂ ತಿಳಿದರು. ಚಂದ್ರಶೇಖರಯ್ಯನವರು ತಿಳಿಯಲಿಲ್ಲ. ಫಿಲ್ಟರ್ ಇದ್ದೇ ಇತ್ತು. ಪೆಟ್ಟಿಗೆ ಬರಿದಾಗಿದ್ದರೂ ದಿನವೂ ಅದನ್ನು ತೆರೆದು ನೋಡುತ್ತಿದ್ದರು. ಮಳೆಗಾಲ ಕಳೆದ ಮೇಲೆ ಒಂದು ಬೆಳಗ್ಗೆ ಅದರಲ್ಲಿ ಒಂದು ಮೇಲ್ ಬಿದ್ದಿತ್ತು. ಕಳಿಸಿದವಳು ದಂಡಿಗನಹಳ್ಳಿಯ ಸಿಂಧು. ತಲೆಬರಹ: 'ಬವ್ಯ,, ನೆನಪೈತಾ,,'. ಅವರು ಒಳಗಿನದನ್ನು ಓದದೆ ಅರಕಲಗೂಡಿಗೆ ಫೋನು ಮಾಡಿದರು.

"ಸಿಂಧು ಅಂತ ಯಾರಾದ್ರೂ ಗೊತ್ತೇನಮ್ಮ?"

ಭವ್ಯಶ್ರೀಗೆ ಗೊತ್ತಿತ್ತು. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವಳಂತೆ. ಫೋನ್ ನಂಬರು ಬದಲಾಗಿ ಕೈತಪ್ಪಿ ಹೋದವಳಂತೆ. ಶುಂಠಿಪುಡಿಯ ಪೊಟ್ಟಣ ಅವಳ ಮನೆಗೂ ತಲುಪಿ, ಅದರ ಮೇಲಿನ ವಿಳಾಸ ನೋಡಿ ಬರೆದಿದ್ದಳೆಂಬುದು ಆಮೇಲೆ ತಿಳಿಯಿತು.

"ಫಿಲ್ಟರ್ ತೆಗೆದುಬಿಡ್ಲೇನಮ್ಮ?"

"ಬ್ಯಾಡಿ ಸಾ, ಇರ್ಲಿ. ಸಿಂಧುನ ಮಾತ್ರ ಒಳಕ್ಕೆ ಬುಡಿ." ಆಮೇಲೆ ಕೇಳಿದಳು: "ನೀವು ಇನ್ನೂ ದಿನಾ ನೋಡ್ತೀರಾ ಅದನ್ನ?"

"ನೋಡ್ತೀನಿ."

ಬಾಗಿಲು ಕಾಯುವವರು ಎಲ್ಲ ಕಡೆ ಇದ್ದಾರೆ. ಕಚೇರಿಗಳಲ್ಲಿ, ಮಠಗಳಲ್ಲಿ, ದೊಡ್ಡವರ ಮನೆಗಳ ಗೇಟಿನಲ್ಲಿ. ತಡೆದು ನಿಲ್ಲಿಸಿದೊಡನೆ ತಮ್ಮ ಕೆಲಸ ಮುಗಿಯಿತೆಂದು ತಿಳಿದು ಬೆನ್ನು ತಿರುಗಿಸುವವರೇ ಅವರಲ್ಲಿ ಹೆಚ್ಚು. ತಮ್ಮ ಕೈಯಿಂದ ಯಾರಿಗೆ ಅನ್ಯಾಯವಾಗಿರಬಹುದೆಂಬ ಸಣ್ಣ ಅನುಮಾನವನ್ನು ಇಟ್ಟುಕೊಂಡು, ಹೊರಗೆ ನಿಂತವರ ಮುಖವನ್ನು ಬೆಳಗಾದರೆ ಮತ್ತೊಮ್ಮೆ ಹೋಗಿ ನೋಡಿ ಬರುವವರು ಎಲ್ಲೋ ಒಬ್ಬಿಬ್ಬರು. ಲೋಕ ಅವರನ್ನು ಸಂಶಯಪ್ರಾಣಿಗಳೆನ್ನುತ್ತದೆ. ಮನುಷ್ಯರು ಮನುಷ್ಯರಿಗೆ ಇನ್ನೂ ತಲುಪುತ್ತಿದ್ದರೆ ಅದು ಬಹುಮಟ್ಟಿಗೆ ಇಂಥವರ ಸಂಶಯದಿಂದ.